ಮಾತೃ-ಶಿಶು ಕಲ್ಯಾಣ ಕೇಂದ್ರಗಳು: ಉಡುಪಿ ಸೀಮೆ

ಗರ್ಭಿಣಿಯನ್ನೂ ಬಾಣಂತಿಯನ್ನೂ ಎಳೆಯ ಕೂಸನ್ನೂ ಬೇನೆ ಬಿದ್ದ ಮೇಲೆ ಉಪಚರಿಸುವುದಕ್ಕಿಂತ ಬೇನೆ ಬೀಳದಂತೆ ಕಾಯುವುದನ್ನೇ ಮುಖ್ಯೋದ್ದೇಶವಾಗಿ ಇಟ್ಟುಕೊಂಡು, ನಿಯತ ದಿನಗಳಲ್ಲಿ, ಶುಲ್ಕವಿಲ್ಲದೆಯೋ ಅತ್ಯಲ್ಪ ಶುಲ್ಕಕ್ಕೋ ಸೇವೆ ಸಲ್ಲಿಸುವ ಸಾರ್ವಜನಿಕ ಚಿಕಿತ್ಸಾಲಯಗಳಿಗೆ ಮಾತೃ-ಶಿಶು ಕಲ್ಯಾಣ ಕೇಂದ್ರಗಳೆಂದು ಹೆಸರು. ಹೆರಿಗೆ ಆಸ್ಪತ್ರೆಗೂ ಇವಕ್ಕೂ ಇರುವ ಅಂತರವನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು: ಆಸ್ಪತ್ರೆಗೆ ಬರುವವರು ಕಷ್ಟಕ್ಕೆ ಸಿಕ್ಕಿ ಬರುವವರು, ಇಲ್ಲಿಗಾದರೋ ಸುಸ್ಥಿತಿಯಲ್ಲಿರುವ ತಾಯಿಯೂ ಕೈಕಾಲಾಡಿಸಿ ನಗುತ್ತಿರುವ ಮಗುವೂ ಬರಬೇಕು. ನೋವಿಲ್ಲದೆ ವೈದ್ಯರ ಬಾಗಿಲಿಗೆ ಹೋಗುವುದೆಂಬ ಕಲ್ಪನೆಯೇ ಇಲ್ಲದ ಸಮಾಜದಲ್ಲಿ ಈ ಸಂಸ್ಥೆ ಬೇರೂರಬೇಕಾಗಿದ್ದಿತಾದ ಕಾರಣ, ಅದರ ಆರಂಭಕಾಲದ ಚರಿತ್ರೆಯಲ್ಲಿ ಕಟ್ಟಡಗಳಿಗೂ ಉಪಕರಣಗಳಿಗೂ ಇರುವ ಸ್ಥಾನಕ್ಕಿಂತ, ಮನೆಮನೆಯ ಅಂಗಳಕ್ಕೆ ಹೋಗಿ ಹಿರಿಯ ಹೆಂಗಸರ ಮನವೊಲಿಸಿದ ದಾದಿಯರಿಗೆ ಇರುವ ಸ್ಥಾನವೇ ಹಿರಿದು.

ಪ್ರಸ್ತುತ ಲೇಖನಕ್ಕೆ ಸಂತೆಕಟ್ಟೆಯನ್ನು ನಡುವಿನ ನೆಲೆಯಾಗಿ ಇಟ್ಟುಕೊಂಡು, ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳನ್ನು ಒಳಗೊಂಡ ಸೀಮೆಯನ್ನು ಕ್ಷೇತ್ರವಾಗಿ ತೆಗೆದುಕೊಂಡಿದೆ. ಉಡುಪಿಯ ಉತ್ತರಕ್ಕೆ, ಸುವರ್ಣಾ ನದಿಯ ದಂಡೆಯ ಕಲ್ಯಾಣಪುರಕ್ಕೆ ಹೊಂದಿಕೊಂಡಿರುವ ಸಂತೆಕಟ್ಟೆಯು ನೇಜಾರು, ಕೆಮ್ಮಣ್ಣು, ಉಪ್ಪೂರು, ಪೆರಂಪಳ್ಳಿ ಮೊದಲಾದ ಗ್ರಾಮಗಳ ಜನ ಕೂಡುವ ಸ್ಥಳ. ಪಶ್ಚಿಮಕ್ಕೆ ಹೋದಂತೆ ಮೊಗವೀರರ ಕಡಲ ಕರೆ, ಪೂರ್ವಕ್ಕೆ ಹೋದಂತೆ ಗದ್ದೆ ತೋಟಗಳ ಬೈಲು, ಇನ್ನೂ ಮುಂದೆ ಕಾರ್ಕಳದತ್ತ ಘಟ್ಟದ ತಪ್ಪಲಿನ ಕಾಡು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ ಸೇತುವೆಗಳಾಗುವುದಕ್ಕೆ ಮೊದಲು ಒಂದು ಹೊಳೆಯ ಆಚೆ ದಡವೆಂದರೆ ಆಷಾಢ ಶ್ರಾವಣಗಳಲ್ಲಿ ಬೇರೊಂದು ದೇಶವೇ ಆಗಿದ್ದಿತು. ದೋಣಿಯವನು ಕಡವಿನಲ್ಲಿ ದೋಣಿ ಬಿಡಲೊಪ್ಪದ ರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡರೆ ಮನೆಯ ಮುದುಕಿಯೂ ನೆರೆಯ ಸೂಲಗಿತ್ತಿಯೂ ಅಲ್ಲದೆ ಬೇರೆ ಗತಿಯಿರಲಿಲ್ಲ. ಈ ಭೂಸ್ಥಿತಿಯನ್ನು ಮರೆತು ಇಲ್ಲಿಯ ಪ್ರಸೂತಿ ಸೇವೆಯ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ.

ಪಾಶ್ಚಾತ್ಯ ಮೂಲ

ತಾಯಂದಿರಿಗೂ ಶಿಶುಗಳಿಗೂ ಪ್ರತ್ಯೇಕವಾದ ಚಿಕಿತ್ಸಾಲಯವೆಂಬ ವ್ಯವಸ್ಥೆ ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. 1892ರಲ್ಲಿ ಪಿಯೆರ್ ಬ್ಯುದ್ಯಾಂ ಎಂಬ ಪ್ರಸೂತಿವೈದ್ಯನು ಪ್ಯಾರಿಸಿನ ಶಾರಿತೆ ಆಸ್ಪತ್ರೆಯಲ್ಲಿ, ಅಲ್ಲಿ ಹೆತ್ತು ಮನೆಗೆ ಮರಳಿದ ತಾಯಂದಿರು ವಾರವಾರವೂ ಕೂಸನ್ನು ತಂದು ತೂಗಿಸಿ ಸಲಹೆ ಪಡೆಯುವ ಏರ್ಪಾಡನ್ನು ಮಾಡಿದನು. 1894ರಲ್ಲಿ ಫೆಕಾಂ ಪಟ್ಟಣದಲ್ಲಿ ಲೆಯಾಂ ದ್ಯುಫೂರ್ ಸ್ಥಾಪಿಸಿದ ಹಾಲಿನ ಕೇಂದ್ರದಲ್ಲಿ, ಮೊಲೆಹಾಲು ಸಾಲದ ಮಕ್ಕಳಿಗೆ ಶುದ್ಧೀಕರಿಸಿದ ಹಾಲನ್ನು ಕೊಡುವುದರ ಜೊತೆಗೆ ಮಗುವಿನ ಬೆಳವಣಿಗೆಯನ್ನು ಪರೀಕ್ಷಿಸುವುದೂ ನಡೆಯಿತು. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಲ್ಲಿ 1899ರಲ್ಲಿ ಇಂಥದೇ ಹಾಲಿನ ಮಳಿಗೆ, ಲಂಡನ್ನಿನ ಸೇಂಟ್ ಪ್ಯಾಂಕ್ರಾಸಿನಲ್ಲಿ 1907ರಲ್ಲಿ ತಾಯಂದಿರ ಶಾಲೆ, ನ್ಯೂಯಾರ್ಕ್ ನಗರದಲ್ಲಿ 1908ರಲ್ಲಿ ಡಾ. ಜೋಸೆಫೀನ್ ಬೇಕರ್ ಅವರ ನೇತೃತ್ವದಲ್ಲಿ ಶಿಶು ಆರೋಗ್ಯ ಶಾಖೆ ಉದಿಸಿದವು. ಬ್ರಿಟಿಷ್ ಪಾರ್ಲಿಮೆಂಟು ಮಾತೃ-ಶಿಶು ಕಲ್ಯಾಣ ಶಾಸನವನ್ನು ಅಂಗೀಕರಿಸಿದ್ದು 1918ರಲ್ಲಿ, ಅಂದರೆ ಮಹಾಯುದ್ಧದಲ್ಲಿ ತರುಣರ ಒಂದು ಪೀಳಿಗೆಯೇ ಮಣ್ಣುಗೂಡಿದ ಮೇಲೆ. ಸೈನ್ಯಕ್ಕೆ ಆಳು ಸಾಲದೆಂಬ ಭಯದಿಂದ ಹುಟ್ಟಿದ ಶಿಶುಪ್ರೇಮವಿದೆಂದು ಕಟುವಾಗಿ ನುಡಿದವರೂ ಉಂಟು. ಕಾರಣವೇನೇ ಇರಲಿ, ಅದರ ಫಲವನ್ನು ಉಂಡವರು ಬಡವರ ಮಕ್ಕಳು.

ಭಾರತದಲ್ಲಿ

ಭಾರತದಲ್ಲಿ ಈ ಕಾರ್ಯದ ಪೂರ್ವಪೀಠಿಕೆಯಾಗಿ ಎಣಿಸತಕ್ಕದ್ದು 1885ರಲ್ಲಿ ಏರ್ಪಟ್ಟ ಡಫರಿನ್ ನಿಧಿ. ವೈಸರಾಯನ ಪತ್ನಿಯ ಹೆಸರಿನ ಈ ನಿಧಿಯು ಸ್ತ್ರೀಯರಿಗೆ ಸ್ತ್ರೀವೈದ್ಯರಿಂದಲೇ ಚಿಕಿತ್ಸೆ ದೊರೆಯಬೇಕೆಂದು ಆಸ್ಪತ್ರೆಗಳನ್ನು ಕಟ್ಟಿಸಿ, ವೈದ್ಯೆಯರಿಗೂ ದಾದಿಯರಿಗೂ ವಿದ್ಯಾರ್ಥಿವೇತನ ಒದಗಿಸಿತು. ಸೂಲಗಿತ್ತಿಯರಿಗೆ ಶಿಕ್ಷಣ ಕೊಡುವ ಉದ್ದೇಶದಿಂದ ಕರ್ಜನ್ನನ ಕಾಲದಲ್ಲಿ, 1903ರಲ್ಲಿ, ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಹುಟ್ಟಿತು, ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸುವ ‘ಹೆಲ್ತ್ ವಿಸಿಟರ್’ಗಳನ್ನು ತಯಾರಿಸುವ ಲೇಡಿ ರೀಡಿಂಗ್ ಶಾಲೆ 1918ರಲ್ಲಿ ದೆಹಲಿಯಲ್ಲಿ ಪ್ರಾರಂಭವಾಯಿತು, ಭಾರತೀಯ ರೆಡ್ ಕ್ರಾಸ್ ಸಂಸ್ಥೆಯು 1931ರಲ್ಲಿ ಮಾತೃ-ಶಿಶು ಕಲ್ಯಾಣಕ್ಕೆಂದೇ ಒಂದು ಶಾಖೆಯನ್ನು ತೆರೆಯಿತು. ಇವೆಲ್ಲವೂ ದೊಡ್ಡ ಹೆಸರುಗಳೇ. ಆದರೆ ಉತ್ತರ ಹಿಂದೂಸ್ಥಾನದ ಪರದೆಯ ಸ್ತ್ರೀಯನ್ನು ಕಣ್ಣ ಮುಂದಿಟ್ಟುಕೊಂಡು ಯೋಚಿಸಿದ ಈ ಯೋಜನೆಗಳಿಗೆ, ಬುಟ್ಟಿಯಲ್ಲಿ ಮೀನು ಹೊತ್ತು ಊರೂರು ತಿರುಗುವ ಮೊಗವೀರ ಹೆಂಗಸಾಗಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೇಜಿ ನೆಡುವ ಬಿಲ್ಲವರ ಹೆಂಗಸಾಗಲಿ ಸುಲಭವಾಗಿ ಗೋಚರಿಸುವಂತಿರಲಿಲ್ಲ. ಈ ಕರಾವಳಿಯ ಬಹುಸಂಖ್ಯಾತ ಸ್ತ್ರೀಯರಿಗೆ ಅಡ್ಡಿಯಾಗಿದ್ದುದು ಪರದೆಯಲ್ಲ; ದೂರ, ದುಡಿಮೆ, ರಕ್ತಹೀನತೆ ಈ ಮೂರು.

1799ರಿಂದ 1956ರವರೆಗೆ, ಉಡುಪಿಯನ್ನೊಳಗೊಂಡ ದಕ್ಷಿಣ ಕನ್ನಡ ಸೀಮೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತಾದ್ದರಿಂದ ಇಲ್ಲಿಯ ಆರೋಗ್ಯಾಡಳಿತದ ಮಾದರಿ ಬಂದದ್ದು ಮದರಾಸಿನಿಂದ. 1844ರಲ್ಲಿ ಸ್ಥಾಪಿತವಾದ ಎಗ್ಮೋರಿನ ಪ್ರಸೂತಿ ಆಸ್ಪತ್ರೆಯಲ್ಲಿ ಶಿಕ್ಷಣ ಪಡೆದ ದಾದಿಯರನ್ನು ಸ್ಥಳೀಯ ಮಂಡಲಿಗಳು ತಮ್ಮ ಆಸ್ಪತ್ರೆಗಳಲ್ಲಿ ನೇಮಿಸಿಕೊಳ್ಳುತ್ತಿದ್ದವು. 1926ರ ಮದರಾಸು ಶಾಸನವೊಂದು ಶುಶ್ರೂಷಕಿಯರ ಮತ್ತು ದಾದಿಯರ ನೋಂದಣಿಯನ್ನು ಕ್ರಮಕ್ಕೆ ತಂದಿತು. 1939ರ ಮದರಾಸು ಸಾರ್ವಜನಿಕ ಆರೋಗ್ಯ ಶಾಸನವಂತೂ ಆ ಬಗೆಯ ಶಾಸನಗಳಲ್ಲಿ ಭಾರತಕ್ಕೇ ಮೊದಲನೆಯದು. ಮಾತೃ-ಶಿಶು ಕಲ್ಯಾಣವನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳಲ್ಲೊಂದಾಗಿ ಅದು ಎಣಿಸಿತು. ಅಲ್ಲಿಯವರೆಗೆ ದಾನಿಗಳ ದಯೆಯನ್ನು ಅವಲಂಬಿಸಿದ್ದ ಕೆಲಸ, ಕಾಗದದ ಮೇಲಾದರೂ, ತೆರಿಗೆ ಕೊಡುವವನ ಹಕ್ಕಾಯಿತು.

ಬಾಣಂತನದ ಮನೆ

ಚಿಕಿತ್ಸಾಲಯ ಬರುವುದಕ್ಕೆ ಮೊದಲು ಇಲ್ಲಿ ಏನೂ ಇರಲಿಲ್ಲವೆಂದು ಭಾವಿಸುವುದು ತಪ್ಪು. ಬಾಣಂತನವೆಂಬುದು ತುಳುನಾಡಿನಲ್ಲಿ ಸುವ್ಯವಸ್ಥಿತವಾದ ಸಂಸ್ಥೆಯೇ ಆಗಿದ್ದಿತು. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿದ್ದುದರಿಂದ ಹುಟ್ಟುವ ಮಗು ತಾಯಿಯ ಕುಟುಂಬದ್ದೇ. ಮಗಳು ತನ್ನ ತಾಯಿಯ ಮನೆಯಲ್ಲಿ, ತನ್ನವರ ನಡುವೆ ಹೆತ್ತು, ತುಳುವಿನಲ್ಲಿ ‘ಪೆದ್ಮೆದಿ’ ಎನ್ನಿಸಿಕೊಂಡು ಅಷ್ಟು ದಿನವಾದರೂ ಗದ್ದೆಯ ಕೆಲಸದಿಂದ ಬಿಡುಗಡೆ ಪಡೆಯುತ್ತಿದ್ದಳು. ಹಂಡೆಯ ಬಿಸಿನೀರು, ಎಣ್ಣೆ, ಮೆಂತೆಯ ಗಂಜಿ, ಓಲೆಬೆಲ್ಲ, ಒಳ್ಳೆಮೆಣಸು, ಬಗೆಬಗೆಯ ಕಷಾಯ ಲೇಹ್ಯಗಳು ಅವಳ ಪಾಲಿಗೆ ಮೀಸಲು. ಕುಚ್ಚಲಕ್ಕಿಯ ಗಂಜಿಯನ್ನು ಉಣ್ಣುವ ರೂಢಿಯೂ ಒಂದು ಅದೃಷ್ಟವೇ ಸರಿ: ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವಾಗ ತೌಡಿನ ಸತ್ತ್ವಾಂಶ ಅಕ್ಕಿಯೊಳಕ್ಕೆ ಇಳಿದು ಉಳಿಯುವುದರಿಂದ, ಹೊಳಪು ಕೊಟ್ಟ ಬೆಳ್ತಿಗೆಯನ್ನೇ ನಂಬಿದ ನಾಡುಗಳಲ್ಲಿ ತಾಯಿಯನ್ನೂ ಕೂಸನ್ನೂ ಕಾಡಿದ ಬೆರಿಬೆರಿ ರೋಗಕ್ಕೆ ಇಲ್ಲಿ ಅಷ್ಟಾಗಿ ಆಸ್ಪದವಾಗಲಿಲ್ಲ.

ಆದರೆ ಇದೇ ವ್ಯವಸ್ಥೆಯಲ್ಲಿ ಮೃತ್ಯು ಒಳನುಗ್ಗಲು ಬಿರುಕುಗಳೂ ಇದ್ದವು. ಹೊಕ್ಕುಳಬಳ್ಳಿಯನ್ನು ಕೈಗೆ ಸಿಕ್ಕಿದ ಕತ್ತಿಯಿಂದಲೋ ಬಿದಿರ ಸಿಬಿರಿನಿಂದಲೋ ಕೊಯ್ದು ಅದಕ್ಕೆ ಬೂದಿಯನ್ನೋ ಮತ್ತೊಂದನ್ನೋ ಲೇಪಿಸುವ ವಾಡಿಕೆ ನವಜಾತ ಶಿಶುವಿಗೆ ಧನುರ್ವಾಯುವನ್ನು ತರುತ್ತಿದ್ದಿತು. ವಾರ ತುಂಬುವುದರೊಳಗೆ ಮೊಲೆ ಬಿಟ್ಟು ಸೆಟೆದುಕೊಂಡು ತೀರಿಹೋದ ಕೂಸಿಗೆ ಬಾಲಗ್ರಹ ಬಡಿಯಿತೆಂದು ಮನೆಯವರು ತಿಳಿಯುತ್ತಿದ್ದರು. ತೊಳೆಯದ ಕೈಯಿಂದ ಪರೀಕ್ಷಿಸಿದ ಫಲವಾಗಿ ಬರುವ ಸೂತಿಕಾಜ್ವರ ‘ಬಾಣಂತಿ ಸನ್ನಿ’ಯಾಗಿ ತಾಯಿಯನ್ನು ಒಯ್ಯುತ್ತಿದ್ದಿತು. ವಿಯೆನ್ನಾದ ದೊಡ್ಡ ಆಸ್ಪತ್ರೆಯ ವೈದ್ಯರೇ ತಮ್ಮ ಕೈಗಳಿಂದ ಈ ಜ್ವರವನ್ನು ಹಂಚುತ್ತಿದ್ದಾರೆಂದು ಸೆಮ್ಮೆಲ್‌ವೈಸ್ 1847ರಲ್ಲಿ ತೋರಿಸಿಕೊಟ್ಟಾಗ ಅವರೇ ನಂಬಲಿಲ್ಲವೆಂಬುದನ್ನು ನೆನೆದರೆ, ಅಕ್ಷರವರಿಯದ ನಮ್ಮ ಸೂಲಗಿತ್ತಿಯನ್ನು ಹಳಿಯುವುದಕ್ಕೆ ಬಾಯಿ ಬರುವುದಿಲ್ಲ. ಹುಟ್ಟಿದೊಡನೆ ಬರುವ ಗಟ್ಟಿಹಾಲನ್ನು ಹಿಂಡಿ ಚೆಲ್ಲಿ ಕೂಸಿಗೆ ಜೇನನ್ನೋ ಬೆಲ್ಲದ ನೀರನ್ನೋ ನೆಕ್ಕಿಸುವುದು, ಬಾಣಂತಿಗೆ ಕುಡಿಯಲು ನೀರನ್ನು ಅಳೆದು ಕೊಡುವುದು, ಗಾಳಿ ಸೋಕದಂತೆ ಕತ್ತಲ ಕೋಣೆಯಲ್ಲಿಡುವುದು ಇವೂ ಹಾನಿಕರವಾದ ರೂಢಿಗಳೇ.

ಇಲ್ಲೊಂದು ಸಂಗತಿ ಗಮನಾರ್ಹ. ‘ಅಮೆ’ ಎಂಬ ಹೆರಿಗೆಯ ಸೂತಕ ಕಳೆಯಬೇಕಾದರೆ ಮಡಿವಾಳತಿಯು ಒಗೆದು ತಂದುಕೊಟ್ಟ ಬಟ್ಟೆ ಬೇಕು. ಶುಚಿಯಾದ ಬಟ್ಟೆಯ ಮಹಿಮೆಯನ್ನು ಈ ಸಮಾಜ ಬಲ್ಲದು. ಆದರೆ ಆ ಬಟ್ಟೆ ಒಳಗೆ ಬರುವುದು ಸೂತಕದ ಕೊನೆಗೆ. ಹೆರಿಗೆಯ ಹೊತ್ತಿನಲ್ಲಿ ಮೈಲಿಗೆಯಾಗುವುದು ಹೇಗೂ ನಿಶ್ಚಿತವೆಂದು ಹಳೆಯ ಹರಕು ಸೀರೆಯನ್ನು ಹಾಸುತ್ತಿದ್ದರು. ದಾದಿಯು ಕೇಳಿದ್ದು, ಆ ಒಗೆದ ಬಟ್ಟೆಯನ್ನು ಹತ್ತಾರು ದಿನ ಮುಂಚಿತವಾಗಿ, ಕುದಿಸಿ ಒಣಗಿಸಿ, ನೋವು ಕಾಣಿಸಿಕೊಂಡ ಕ್ಷಣಕ್ಕೇ ಸಿದ್ಧವಾಗಿಡಿ ಎಂದು. ಆಕೆ ಅಳಿಸಿದ್ದು ಪದ್ಧತಿಯನ್ನಲ್ಲ. ಅದರ ಮುಹೂರ್ತವನ್ನು ಹಿಂದಕ್ಕೆ ತಂದಳು, ಅಷ್ಟೆ.

ಲೊಂಬಾರ್ಡ್ ಆಸ್ಪತ್ರೆ

1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನವರು ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆಗಳಿಂದ ಈ ಜಿಲ್ಲೆಯಲ್ಲಿ ಹೆಸರಾದವರು. ಮಲ್ಪೆಯಲ್ಲಿಯೂ ಅವರ ಹಂಚಿನ ಕಾರ್ಖಾನೆಯಿದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟುದರಿಂದ ಆ ಕೆಲಸಕ್ಕೆ ಭಂಗ ಬಂದು, ಯುದ್ಧಾನಂತರ ಸ್ವಿಟ್ಜರ್ಲೆಂಡಿನ ಸೇವಾಕರ್ತರು ಅದನ್ನು ಮುಂದುವರಿಸಿದರು. ಅವರಲ್ಲೊಬ್ಬರಾದ ಡಾ. ಈವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆಯು 1923ರ ಜೂನ್ 15ರಂದು ಉಡುಪಿಯಲ್ಲಿ, ಮುಖ್ಯವಾಗಿ ಸ್ತ್ರೀಯರಿಗೂ ಮಕ್ಕಳಿಗೂ ಉದ್ದಿಷ್ಟವಾದ ಆಸ್ಪತ್ರೆಯನ್ನು ಆರಂಭಿಸಿದರು. ಇಂದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯೆಂಬ ಹೆಸರಿದ್ದರೂ ಊರವರ ಬಾಯಲ್ಲಿ ಅದು ‘ಮಿಷನ್ ಆಸ್ಪತ್ರೆ’. ಜೂನ್ ತಿಂಗಳ ನಡುವೆಂದರೆ ಈ ಸೀಮೆಯಲ್ಲಿ ಕಾರ್ತೆಲಿನ ಮಳೆ ಹಿಡಿದು, ಬೇಸಾಯದ ಕೆಲಸ ತಲೆಯ ಮೇಲೆ ಬಂದು, ಯಾರಿಗೂ ಮನೆ ಬಿಟ್ಟು ಹೊರಡಲು ಪುರಸೊತ್ತಿಲ್ಲದ ಕಾಲ. ಅಂಥ ಹೊತ್ತಿನಲ್ಲಿ ಬಾಗಿಲು ತೆರೆದ ಆಸ್ಪತ್ರೆ ನೂರು ವರ್ಷ ಬಾಳಿ, 2023ರಲ್ಲಿ ಶತಮಾನೋತ್ಸವವನ್ನು ಕಂಡಿತು.

ಈ ಆಸ್ಪತ್ರೆಯ ಮಹತ್ತ್ವ ಅದರ ಹಾಸಿಗೆಗಳ ಎಣಿಕೆಯಲ್ಲಿಲ್ಲ. ಕೃಷ್ಣಮಠದ ಸುತ್ತ ಬೆಳೆದ, ಆಚಾರದಲ್ಲಿ ಬಿಗಿಯಾದ ಪಟ್ಟಣವೊಂದರಲ್ಲಿ ಪರಧರ್ಮೀಯಳಾದ ಹೆಂಗಸೊಬ್ಬಳ ಕೈಗೆ ಮನೆಯ ಮಗಳನ್ನು ಒಪ್ಪಿಸಲು ಜನ ಸಿದ್ಧರಾದರೆಂಬುದೇ ಅಂದಿನ ಕಾಲಕ್ಕೆ ದೊಡ್ಡ ಮಾತು. ವೈದ್ಯರು ಹೆಂಗಸಾಗಿದ್ದುದು ಇದಕ್ಕೆ ಮೊದಲ ಕಾರಣವಾದರೆ, ಎಂಥ ಮಡಿವಂತಿಕೆಯನ್ನೂ ಹೆರಿಗೆಯ ಸಂಕಟ ಸಡಿಲಿಸುವುದೆಂಬುದು ಎರಡನೆಯ ಕಾರಣ. ಮೈಸೂರು ಸಂಸ್ಥಾನದಲ್ಲಿಯೂ ಇದಕ್ಕೆ ಸಮಾನವಾದ ನಿದರ್ಶನಗಳಿವೆ: 1906ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಾಸನದ ರೆಡ್‌ಫರ್ನ್ ಆಸ್ಪತ್ರೆ, ಕೋಲಾರದ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧ ಹಂಚಲು ತೊಡಗಿದ್ದರು. ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಮದರಾಸಿನ ಗವರ್ನರನ ಪತ್ನಿ ಲೇಡಿ ಗೋಷನ್ ಅವರ ಹೆಸರು ನಿಂತಿತು. ಆದರೆ ಉಡುಪಿಯಿಂದ ಮಂಗಳೂರಿಗೆ ಹೋಗಬೇಕಾದರೆ ಉದ್ಯಾವರ, ಶಾಂಭವಿ, ಫಲ್ಗುಣಿ ಹೊಳೆಗಳನ್ನು ದಾಟಬೇಕು. ಅಡ್ಡ ಸಿಕ್ಕಿಕೊಂಡ ಮಗುವನ್ನು ಹೊಟ್ಟೆಯಲ್ಲಿ ಹೊತ್ತವಳಿಗೆ ಅಷ್ಟು ಕಡವುಗಳು ಮೀರಿದ ದೂರ.

ಚಿಕಿತ್ಸಾಲಯದ ದಿನಚರಿ

ಆರಂಭಕಾಲದ ಮಾತೃ-ಶಿಶು ಕೇಂದ್ರವೆಂದರೆ ಬಹುಮಟ್ಟಿಗೆ ಒಂದು ಜಗಲಿ, ಒಂದು ಮೇಜು, ಒಂದು ತಕ್ಕಡಿ, ಕುದಿಯುವ ನೀರಿನ ಪಾತ್ರೆ, ಒಂದು ದಪ್ಪ ದಾಖಲೆ ಪುಸ್ತಕ. ಗರ್ಭಿಣಿ ಬಂದರೆ ಹೊಟ್ಟೆಯನ್ನು ಮುಟ್ಟಿ ಮಗುವಿನ ತಲೆ ಯಾವ ಕಡೆಗಿದೆಯೆಂದು ನೋಡುವುದು, ಕಾಲು ಊದಿಕೊಂಡಿದೆಯೇ ಎಂದು ಒತ್ತಿ ಪರೀಕ್ಷಿಸುವುದು, ಮೂತ್ರವನ್ನು ಕಾಯಿಸಿ ಅದು ಬಿಳಿಚಿಕೊಳ್ಳುವುದೇ ಎಂದು ಗಮನಿಸುವುದು, ಕಣ್ಣರೆಪ್ಪೆಯನ್ನು ಕೆಳಗೆಳೆದು ರಕ್ತದ ಕೆಂಪನ್ನು ಅಂದಾಜುಮಾಡುವುದು. ಇಷ್ಟೇ ಪರೀಕ್ಷೆ, ಆದರೆ ಇಷ್ಟರಿಂದಲೇ ಅಡ್ಡ ಮಗು, ನಂಜು, ರಕ್ತಹೀನತೆ ಎಂಬ ಮೂವರು ಕೊಲೆಗಾರರನ್ನು ವಾರಗಳ ಮೊದಲೇ ಗುರುತಿಸಬಹುದಾಗಿದ್ದಿತು. ಮಗುವನ್ನು ಬಟ್ಟೆಯ ತೊಟ್ಟಿಲಿನಲ್ಲಿಟ್ಟು ತೂಗಿ, ಕಳೆದ ವಾರದ ತೂಕದೊಡನೆ ಹೋಲಿಸಿ ನೋಡುವುದು ಮತ್ತೊಂದು ಕೆಲಸ. ಕೂಸನ್ನು ತೂಗಿದರೆ ದೃಷ್ಟಿ ತಗಲುವುದೆಂಬ ಹೆದರಿಕೆ ಬಲವಾಗಿದ್ದುದರಿಂದ ಕೆನ್ನೆಗೆ ಕಪ್ಪು ಬೊಟ್ಟಿಟ್ಟು ತೂಗಿಸಲು ತಂದವರನ್ನು ಯಾವ ಜಾಣ ದಾದಿಯೂ ಗೇಲಿ ಮಾಡಲಿಲ್ಲ.

ಸಮಸ್ಯೆ ಬೇರೆಡೆ ಇದ್ದಿತು. ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವುದಿಲ್ಲ; ಕೂಸು ಸಾಯುವುದಾದರೆ ಬಹುಪಾಲು ಆ ನಲವತ್ತು ದಿನಗಳೊಳಗೇ ಸಾಯುತ್ತದೆ. ಹೀಗಾಗಿ ಚಿಕಿತ್ಸಾಲಯ ಎಷ್ಟೇ ಚೊಕ್ಕಟವಾಗಿದ್ದರೂ ಅತ್ಯಂತ ಅಗತ್ಯವಿದ್ದವರು ಅಲ್ಲಿಗೆ ಬರುವಂತಿರಲಿಲ್ಲ. ಹೆಲ್ತ್ ವಿಸಿಟರ್ ಎಂಬ ಉದ್ಯೋಗ ಅನಿವಾರ್ಯವಾದದ್ದು ಇದರಿಂದಲೇ. ಕೊಡೆ ಹಿಡಿದು, ಚೀಲ ಹೊತ್ತು, ಗದ್ದೆಯ ಹುಣಿಯ ಮೇಲೆ ನಡೆದು ಬರುವ ಆಕೆ ಊರವರಿಗೆ ‘ನರ್ಸಮ್ಮ’. ಅವಳು ಮಾತನಾಡಿಸಬೇಕಾದದ್ದು ಬಾಣಂತಿಯನ್ನಲ್ಲ, ಬಾಗಿಲಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತ ಅಜ್ಜಿಯನ್ನು. ಅಜ್ಜಿಯ ಕಷಾಯವನ್ನು ಹೊಗಳಿ, ಎಣ್ಣೆನೀರನ್ನು ಒಪ್ಪಿ, ಗಟ್ಟಿಹಾಲನ್ನು ಚೆಲ್ಲಬೇಡಿರೆಂದೂ ಹೊಕ್ಕುಳಿಗೆ ಏನನ್ನೂ ಹಚ್ಚಬೇಡಿರೆಂದೂ ಎರಡೇ ಎರಡು ಮಾತು ಹೇಳಿ ಹೊರಡುವವಳ ಮಾತು ನಡೆಯುತ್ತಿದ್ದಿತು. ಎಲ್ಲವನ್ನೂ ಒಮ್ಮೆಗೇ ತಿದ್ದಹೊರಟವಳು ಎರಡನೆಯ ಸಲ ಅಂಗಳದಿಂದಲೇ ಹಿಂದಿರುಗಬೇಕಾಗುತ್ತಿದ್ದಿತು. ಸೂಲಗಿತ್ತಿಯ ವಿಷಯದಲ್ಲಿಯೂ ಹೀಗೆಯೇ. ಅವಳನ್ನು ಶತ್ರುವಾಗಿ ಕಂಡ ಕಡೆ ಅವಳು ಗುಟ್ಟಾಗಿ ಹೆರಿಗೆ ಮಾಡಿಸಿದಳು. ಉಗುರು ಕತ್ತರಿಸಿಕೊಳ್ಳುವುದನ್ನೂ ಸೋಪಿನಲ್ಲಿ ಕೈ ತೊಳೆಯುವುದನ್ನೂ ಬ್ಲೇಡನ್ನೂ ನೂಲನ್ನೂ ಕುದಿಸುವುದನ್ನೂ ಕಲಿಸಿ, ಅವಳ ಕೈಗೊಂದು ಪೆಟ್ಟಿಗೆ ಕೊಟ್ಟ ಕಡೆ, ತೊಡಕಿನ ಹೆರಿಗೆಯನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕಳಿಸುವ ದೂತಿಯಾದಳು. ಯೂನಿಸೆಫ್ ಸಂಸ್ಥೆಯು ಸ್ವಾತಂತ್ರ್ಯಾನಂತರ ಹಂಚಿದ ಸೂಲಗಿತ್ತಿಯರ ಪೆಟ್ಟಿಗೆಯ ಹಿಂದಿನ ತರ್ಕವೂ ಇದೇ.

ರಕ್ತಹೀನತೆಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ನೆರಳು, ತೇವ, ಮರಳುಮಿಶ್ರಿತ ಮಣ್ಣು, ಬರಿಗಾಲಿನ ದುಡಿಮೆ ಇವೆಲ್ಲ ಕೂಡಿದ ಕರಾವಳಿಯ ತೋಟಗಳು ಕೊಕ್ಕೆಹುಳುವಿನ ತೌರುಮನೆ. ಅಂಗಾಲಿನಿಂದ ಒಳಸೇರಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಈ ಹುಳು, ಮೊದಲೇ ಬಳಲಿದ ಗರ್ಭಿಣಿಯನ್ನು ಬಿಳಚಿಸಿ, ಹೆರಿಗೆಯ ಸಾಮಾನ್ಯ ರಕ್ತಸ್ರಾವವನ್ನೂ ತಾಳಲಾರದಂತೆ ಮಾಡುತ್ತಿದ್ದಿತು. ಅದರ ಮೇಲೆ ಆಟಿ ತಿಂಗಳು: ಕಡಲಿಗೆ ದೋಣಿ ಇಳಿಯದ, ಕಣಜ ಬರಿದಾದ, ಕೆಸುವಿನೆಲೆ ತಜಂಕಿನ ಸೊಪ್ಪುಗಳಿಂದ ಹೊಟ್ಟೆ ತುಂಬಿಕೊಳ್ಳಬೇಕಾದ ಕಾಲ. ಗರ್ಭಿಣಿಯರ ರಕ್ತಹೀನತೆಗಳಲ್ಲಿ ಒಂದು ಬಗೆಯದಕ್ಕೆ ಆಹಾರದ ಕೊರತೆಯೇ ಕಾರಣವೆಂದು ಕಂಡುಹಿಡಿದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ತನ್ನ ಸಂಶೋಧನೆಯನ್ನು ನಡೆಸಿದ್ದು 1928ರಿಂದಾಚೆಗೆ ಮುಂಬಯಿಯ ಗಿರಣಿ ಕೆಲಸದ ಬಡ ಹೆಂಗಸರ ನಡುವೆ. ಯೀಸ್ಟಿನ ಸಾರವನ್ನು ತಿನ್ನಿಸಿದಾಗ ಅವರು ಚೇತರಿಸಿಕೊಂಡುದನ್ನು ಆಕೆ 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ಸತ್ತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರು ಪಡೆದು, ಇಂದು ಕಬ್ಬಿಣದೊಡನೆ ಬೆರೆತು ಪ್ರತಿಯೊಬ್ಬ ಗರ್ಭಿಣಿಯ ಕೈಸೇರುವ ಮಾತ್ರೆಯಾಗಿದೆ. ಪಶ್ಚಿಮ ಕರಾವಳಿಯ ಬಡ ತಾಯಂದಿರಿಂದ ಲೋಕಕ್ಕೆಲ್ಲ ಸಂದ ಉಪಕಾರವಿದು. ಅವರ ಹೆಸರುಗಳು ಮಾತ್ರ ಎಲ್ಲಿಯೂ ನಿಂತಿಲ್ಲ.

ಮೈಸೂರಿನ ಮಾರ್ಗ

ಘಟ್ಟದ ಮೇಲಿನ ಮೈಸೂರು ಸಂಸ್ಥಾನ ಹಿಡಿದ ದಾರಿ ಬೇರೆ. ಅಲ್ಲಿ ಅರಸೊತ್ತಿಗೆಯೇ ಮುಂದೆ ನಿಂತಿತು. ಮೈಸೂರಿನ ಚೆಲುವಾಂಬ ಆಸ್ಪತ್ರೆ, 1935ರಲ್ಲಿ ತೆರೆದ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ರಾಜಮನೆತನದ ಸ್ತ್ರೀಯರ ಹೆಸರಿನವು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿಯೂ, ಅನಂತರ ಕ್ಲೋಸ್‌ಪೇಟೆಯಲ್ಲಿಯೂ (ಇಂದಿನ ರಾಮನಗರ) ಗ್ರಾಮಾರೋಗ್ಯ ಘಟಕಗಳು ರೂಪುಗೊಂಡು, ಹೆರಿಗೆ, ಶಿಶುಪಾಲನೆ, ಮಲೇರಿಯಾ ನಿವಾರಣೆ, ಜನನ ಮರಣಗಳ ಲೆಕ್ಕ ಎಲ್ಲವೂ ಒಂದೇ ಆಡಳಿತದಡಿಗೆ ಬಂದವು. 1930ರಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸರ್ಕಾರ ಹೊರಡಿಸಿದ ಆದೇಶವಂತೂ, ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದುದರಲ್ಲಿ ಜಗತ್ತಿಗೇ ಮೊದಲನೆಯದೆಂದು ಎಣಿಕೆಯಾಗಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ವಿಶಾಲ ಮೈಸೂರನ್ನು ಸೇರಿದಾಗ, ಮದರಾಸಿನ ಸ್ಥಳೀಯ ಮಂಡಲಿಯ ಸಂಪ್ರದಾಯವೂ ಮೈಸೂರಿನ ಇಲಾಖಾ ಸಂಪ್ರದಾಯವೂ ಒಂದಾದವು. ಅದೇ ದಿನ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಗಿ, ಅಲ್ಲಿಯ ಕನ್ನಡ ತುಳು ತಾಯಂದಿರ ಆರೋಗ್ಯ ಕೇಂದ್ರಗಳು ಬೇರೊಂದು ಆಡಳಿತಕ್ಕೆ ಒಳಪಟ್ಟವು.

ಭೋರ್ ಸಮಿತಿಯಿಂದ ಮಣಿಪಾಲದವರೆಗೆ

1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿಯು ಬ್ರಿಟಿಷ್ ಭಾರತದ ಸ್ಥಿತಿಯನ್ನು ಅಂಕಿಗಳಲ್ಲಿ ಮುಂದಿಟ್ಟಿತು. 1937ರಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 162 ವರ್ಷ ತುಂಬುವ ಮೊದಲೇ ಮಡಿದಿದ್ದವು. ಪ್ರತಿ 1000 ಜನನಗಳಿಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ರೋಗ ನಿವಾರಣೆಯೂ ರೋಗ ಪ್ರತಿಬಂಧಕವೂ ಒಂದೇ ಸೂರಿನಡಿ ಇರಬೇಕೆಂಬ ಅದರ ಸಲಹೆಯಂತೆ, 1952ರ ಅಕ್ಟೋಬರ್ 2ರಂದು ಪ್ರಾರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡವು. ಸ್ವತಂತ್ರವಾಗಿದ್ದ ತಾಯಿ-ಮಕ್ಕಳ ಕೇಂದ್ರಗಳು ಕ್ರಮೇಣ ಇವುಗಳಲ್ಲಿ ಲೀನವಾದವು. ಎರಡು ವರ್ಷದ ಶಿಕ್ಷಣ ಪಡೆದ ಎ.ಎನ್.ಎಂ. ಎಂಬ ಸಹಾಯಕ ಶುಶ್ರೂಷಕಿ-ದಾದಿಯರು ಹಳೆಯ ಹೆಲ್ತ್ ವಿಸಿಟರ್‌ಗಳ ಕೆಲಸವನ್ನು ವಹಿಸಿಕೊಂಡರು.

ಉಡುಪಿ ಸೀಮೆಯಲ್ಲಿ ಈ ಕಾರ್ಯಕ್ಕೆ ಒದಗಿದ ವಿಶೇಷ ಬಲ ಮಣಿಪಾಲದ್ದು. ಸ್ವತಃ ವೈದ್ಯರಾಗಿದ್ದು, 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟಿನ ಸ್ಥಾಪಕರಲ್ಲೊಬ್ಬರಾಗಿ, ಬಡವರ ದಿನದ ಕಾಸನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಬಳಕೆಗೆ ತಂದ ಡಾ. ಟಿ.ಎಂ.ಎ. ಪೈ (1898–1979) ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಮಣಿಪಾಲದ ಬೋಳುಗುಡ್ಡದ ಮೇಲೆ ವಿದ್ಯಾರ್ಥಿಗಳಿಗೆ ಬೇಕಾದ ರೋಗಿಗಳು ಆರಂಭದಲ್ಲಿ ಎಲ್ಲಿದ್ದಾರು? ಅವರು ಮಂಗಳೂರಿನ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ ಕಲಿತರು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ತೆರೆದದ್ದು 1961ರಲ್ಲಿ. ಅನಂತರದ ವರ್ಷಗಳಲ್ಲಿ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಆಶ್ರಯದಲ್ಲಿ ಮಲ್ಪೆ, ಕಡೆಕಾರು, ಅಲೆವೂರು, ಸಂತೆಕಟ್ಟೆಯಿಂದ ಹೆಚ್ಚು ದೂರವಲ್ಲದ ಕೊಳಲಗಿರಿ ಮೊದಲಾದ ಊರುಗಳಲ್ಲಿ ಗ್ರಾಮೀಣ ಮಾತೃ-ಶಿಶು ಕಲ್ಯಾಣ ಗೃಹಗಳು ನಡೆದವು. ಊರಲ್ಲೇ ವಾಸಿಸುವ ದಾದಿ, ಹೆರಿಗೆಗೊಂದು ಕೋಣೆ, ಗೊತ್ತಾದ ದಿನಗಳಲ್ಲಿ ಮಣಿಪಾಲದಿಂದ ಬರುವ ವೈದ್ಯರು, ಮನೆಮನೆಯ ಭೇಟಿ: ಇದು ಅವುಗಳ ರಚನೆ. ಪಿಗ್ಮಿ ಸಂಗ್ರಾಹಕನೂ ಕಲ್ಯಾಣ ಗೃಹದ ದಾದಿಯೂ ಒಂದೇ ವಿಚಾರದ ಎರಡು ಪ್ರಯೋಗಗಳೆಂದು ಈ ಲೇಖಕನಿಗೆ ತೋರುತ್ತದೆ. ಎರಡೂ, ಸಂಸ್ಥೆಯ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಸಂಸ್ಥೆಯೇ ನಡೆದು ಹೋಗುವ ಕ್ರಮಗಳು.

ಇಲ್ಲಿ ಒಂದು ಎಡವಟ್ಟನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. 1960ರ ದಶಕದಿಂದೀಚೆಗೆ ದೇಶದಾದ್ಯಂತ ಕುಟುಂಬ ಯೋಜನೆಯ ಗುರಿಸಂಖ್ಯೆಗಳ ಭಾರ ಈ ದಾದಿಯರ ಹೆಗಲ ಮೇಲೆ ಬಿದ್ದಿತು. ತೂಕ ನೋಡಲು ಬಂದವಳು ‘ಆಪರೇಷನ್’ ಮಾತೆತ್ತುವವಳಾದಳು. ಹಲವು ದಶಕಗಳಿಂದ ಅಂಗಳ ಅಂಗಳ ತಿರುಗಿ ಗಳಿಸಿದ ವಿಶ್ವಾಸದಲ್ಲಿ ಎಷ್ಟೋ ಪಾಲು ತುರ್ತುಪರಿಸ್ಥಿತಿಯ ಕಾಲಕ್ಕೆ ಸೋರಿಹೋಯಿತು. ಇಲಾಖೆಯ ಹೆಸರನ್ನು ಅನಂತರ ‘ಕುಟುಂಬ ಕಲ್ಯಾಣ’ವೆಂದು ಬದಲಿಸಿದುದು ಆ ಎಡವಟ್ಟಿನ ಒಪ್ಪಿಗೆಯೇ. 1975ರಲ್ಲಿ ಪ್ರಾರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಮೊದಲ 33 ಯೋಜನೆಗಳಲ್ಲಿ ಕರ್ನಾಟಕದ ತಿರುಮಕೂಡಲು ನರಸೀಪುರದ್ದೂ ಒಂದು) ತೂಗುವ ಕೆಲಸವನ್ನು ಅಂಗನವಾಡಿಗೆ ಒಯ್ದಿತು. 2005ರಿಂದೀಚೆಗೆ ಆಶಾ ಕಾರ್ಯಕರ್ತೆಯರು ಮನೆಭೇಟಿಯನ್ನು ವಹಿಸಿಕೊಂಡರು. ತಾಯಿ ಕಾರ್ಡು ಹಳೆಯ ದಪ್ಪ ದಾಖಲೆ ಪುಸ್ತಕದ ಸ್ಥಾನಕ್ಕೆ ಬಂದಿತು.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ 2020ರಲ್ಲಿ ಶಿಶುಮರಣ ಪ್ರತಿ 1000ಕ್ಕೆ 19ಕ್ಕೂ, 2018–20ರ ಅವಧಿಯಲ್ಲಿ ತಾಯಂದಿರ ಮರಣ ಪ್ರತಿ ಲಕ್ಷ ಜನನಕ್ಕೆ 69ಕ್ಕೂ ಇಳಿದಿರುವುದಾಗಿ ಮಾದರಿ ನೋಂದಣಿಯ ಲೆಕ್ಕ ಹೇಳುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಗಳಲ್ಲೇ ನಡೆಯುತ್ತಿದ್ದವು. ಉಡುಪಿಯಂಥ, ರಸ್ತೆಯೂ ಸೇತುವೆಯೂ ಆಸ್ಪತ್ರೆಯೂ ದಟ್ಟವಾಗಿರುವ ಜಿಲ್ಲೆಯಲ್ಲಿ ಮನೆಯಲ್ಲಿ ಹೆರುವುದು ಅಪರೂಪದ ಸುದ್ದಿಯಾಗಿದೆ. ಊರ ಕೇಂದ್ರಗಳ ಹೆರಿಗೆಯ ಕೋಣೆಗಳಿಗೆ ಹಿಂದಿನ ಕೆಲಸವಿಲ್ಲ, ಚುಚ್ಚುಮದ್ದು, ತಪಾಸಣೆ, ತಿಳಿವಳಿಕೆಗಳಷ್ಟೇ ಅವುಗಳ ಪಾಲಿಗೆ ಉಳಿದಿವೆ. ಆದರೆ ಅದೇ ಸಮೀಕ್ಷೆ ಮತ್ತೆರಡು ಅಂಕಿಗಳನ್ನೂ ಕೊಡುತ್ತದೆ. ರಾಜ್ಯದಲ್ಲಿ ಶಸ್ತ್ರಕ್ರಿಯೆಯ ಹೆರಿಗೆಗಳ ಪ್ರಮಾಣ ಶೇ. 31ನ್ನು ಮೀರಿದ್ದಿತು, ಗರ್ಭಿಣಿಯರಲ್ಲಿ ರಕ್ತಹೀನತೆಯುಳ್ಳವರು ಆಗಲೂ ಶೇ. 45ಕ್ಕಿಂತ ಹೆಚ್ಚಿದ್ದರು. ಮೊದಲನೆಯದು ದೊಡ್ಡ ಆಸ್ಪತ್ರೆಗಳು ಉತ್ತರಿಸಬೇಕಾದ ಪ್ರಶ್ನೆ. ಎರಡನೆಯದಕ್ಕೆ ಬೇಕಾದದ್ದು ಕಣ್ಣರೆಪ್ಪೆಯನ್ನು ಕೆಳಗೆಳೆದು ನೋಡುವ ಕೈ, ಕೊಟ್ಟ ಮಾತ್ರೆಯನ್ನು ನುಂಗಿದಳೇ ಎಂದು ಮರುವಾರ ಬಂದು ವಿಚಾರಿಸುವ ಕಾಲು. ಆ ಕೆಲಸ ಈಗ ಹೆಚ್ಚಾಗಿ, ಗೌರವಧನಕ್ಕೆ ದುಡಿಯುವ ಆಶಾ ಕಾರ್ಯಕರ್ತೆಯದಾಗಿದೆ.